ಲಗ್ನಪತ್ರಿಕೆ ಸಾಹೇಬರು

ಸಾಹೇಬರು ತೀರಿಕೊಂಡರೆಂಬ ಸುದ್ದಿ ನನಗೆ ಬಂದದ್ದು ವಾಟ್ಸ್‌ಆ್ಯಪಿನಲ್ಲಿ, ಗುರುತಿಲ್ಲದ ನಂಬರಿನಿಂದ. ತಲೆಗೆ ಪಟಕಾ ಸುತ್ತಿದ ಅವರ ಫೋಟೋ ಇತ್ತು, ಮಗಳ ಲಗ್ನದಲ್ಲಿ ತೆಗೆದದ್ದು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ನಾನು ನಂಬಲಿಲ್ಲ. ಬೇರೆ ಯಾರದಾದರೂ ಸುದ್ದಿಯಾಗಿದ್ದರೆ ಮೊದಲು ಕಣ್ಣೀರು ಬರುತ್ತಿತ್ತೋ ಏನೋ, ಈ ಮನುಷ್ಯನ ವಿಷಯದಲ್ಲಿ ಮೊದಲು ಬಂದದ್ದು ಸಂಶಯ. ಅದನ್ನು ಕಲಿಸಿದವರೇ ಅವರು. ಬಂದ ಸುದ್ದಿಯನ್ನು ಬಂದ ದಾರಿಯಲ್ಲಿಯೇ ತಿರುಗಿ ಕೇಳಬಾರದು, ನಿನಗೆ ಮೊದಲಿನಿಂದ ಗೊತ್ತಿರುವ ಇನ್ನೊಂದು ದಾರಿಯಲ್ಲಿ ಕೇಳಬೇಕು ಎಂದು ಅವರು ನನ್ನ ತಲೆ ತಿಂದದ್ದು ಅಷ್ಟಿಷ್ಟಲ್ಲ.

ಹಾಗಾಗಿ ನನ್ನ ಹತ್ತಿರ ಹಳೆಯ ಕಾಲದಿಂದ ಇದ್ದ ಅವರ ನರಗುಂದದ ಮನೆಯ ನಂಬರಿಗೆ ಫೋನು ಹಚ್ಚಿದೆ. ಬಿಜಿ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಿದೆ. ಮತ್ತೆ ಬಿಜಿ. ಗದಗಿನ ನನ್ನ ಆಫೀಸಿನ ಕಿಟಕಿಯ ಹತ್ತಿರ ಫೋನು ಹಿಡಿದು ನಿಂತೆ. ಆ ಲೈನು ಸಿಗುವತನಕ ತಲೆಯಲ್ಲಿ ಏನೇನು ಓಡಾಡಿತೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಗುರುತಿಲ್ಲದವರ ಕೈಗೆ ಹೆಸರು ಕೊಡುವುದೇ ಮೊದಲ ತಪ್ಪು ಎನ್ನುತ್ತಿದ್ದ ಮನುಷ್ಯ ಅವರು.

ದೂರವಾಣಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು, ನರಗುಂದದ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದು ಕಂಪನಿ ತೆಗೆದಿದ್ದರು. ಕಂಪನಿ ಎಂದರೆ ಅವರೊಬ್ಬರೇ. ಸಹಕಾರಿ ಬ್ಯಾಂಕು, ಪತ್ತಿನ ಸಂಘ, ಕಾಲೇಜು, ದವಾಖಾನೆ, ಬೇಳೆ ಮಿಲ್ಲು, ಇಂಥವರ ಕಂಪ್ಯೂಟರುಗಳೊಳಗೆ ಕಳ್ಳರು ಹೊಗಬಹುದೇ ಎಂದು ಕಳ್ಳರಿಗಿಂತ ಮೊದಲು ತಾವೇ ಹೊಕ್ಕು ನೋಡಿ ಹೇಳುವುದು ಅವರ ಕೆಲಸ. ಆಡಳಿತ ಮಂಡಳಿಯ ಒಪ್ಪಿಗೆ ಪತ್ರ ಕಿಸೆಯಲ್ಲಿ ಇಲ್ಲದೆ ಯಾರ ಹೊಸ್ತಿಲನ್ನೂ ತುಳಿಯುತ್ತಿರಲಿಲ್ಲ. ಕೋಣೆಯ ಕಿಟಕಿಯಲ್ಲಿ ಗುಡ್ಡ ಕಾಣುತ್ತಿತ್ತು, ಕೆಳಗಿನಿಂದ ಯೂರಿಯಾದ ವಾಸನೆ ಬರುತ್ತಿತ್ತು, ಎರಡಕ್ಕೂ ಸಾಹೇಬರ ಲಕ್ಷ್ಯ ಇರಲಿಲ್ಲ.

ನಾನು ಗಜೇಂದ್ರಗಡದ ನೇಕಾರರ ಮನೆಯ ಹುಡುಗಿ. ಬಿಸಿಎ ಮುಗಿಸಿ, ಅಪ್ಪನ ಮಗ್ಗದ ಸದ್ದಿನಲ್ಲಿ ಕಿವಿಗೆ ಇಯರ್‌ಫೋನು ತುರುಕಿಕೊಂಡು ಹ್ಯಾಕಿಂಗಿನ ವಿಡಿಯೋಗಳನ್ನು ನೋಡಿ, ನೆಟ್‌ವರ್ಕ್ ಸೆಕ್ಯುರಿಟಿ ಎಂದರೆ ಕಪ್ಪು ಪರದೆ, ಹಸಿರು ಅಕ್ಷರ, ಮುಖ ಕಾಣದ ವೈರಿ ಎಂದು ಗಟ್ಟಿ ಮಾಡಿಕೊಂಡಿದ್ದೆ. ಆ ವಿದ್ಯೆಯನ್ನೆಲ್ಲ ಹೊತ್ತುಕೊಂಡು ಅವರ ಮುಂದೆ ಹೋಗಿ ಕುಳಿತೆ.

"ಏನೇನ್ ಬರ್ತೈತಿ ಹೇಳ ತಂಗಿ" ಎಂದರು.

ಕಲಿತ ಟೂಲುಗಳ ಹೆಸರನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ನಡುನಡುವೆ ಕೇಳಿದ ಪ್ರಶ್ನೆಗಳಲ್ಲಿ ನನಗೆ ಬಂದದ್ದೆಷ್ಟು, ಬಾಯಿಪಾಠ ಮಾಡಿದ್ದೆಷ್ಟು ಎಂಬುದನ್ನೂ ಬೇರೆ ಬೇರೆ ಮಾಡಿಟ್ಟರು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು: "ಚಲೋ ಆತು. ಲಗ್ನಕ್ಕ ಕರ್ಯಾಕ ಬರ್ತೈತೇನು?"

ಈ ಮುದುಕರಿಗೆ ತಲೆ ಸರಿ ಇಲ್ಲ ಎಂದುಕೊಂಡೆ. ಅವರು ಡ್ರಾವರಿನಿಂದ ಒಂದು ಕಟ್ಟು ಲಗ್ನಪತ್ರಿಕೆ, ಸಣ್ಣ ಸ್ಟೀಲಿನ ಡಬ್ಬಿಯಲ್ಲಿ ಅಕ್ಷತೆ, ಇಷ್ಟನ್ನು ತೆಗೆದು ಮೇಜಿನ ಮೇಲಿಟ್ಟರು. ಪತ್ರಿಕೆಯಲ್ಲಿದ್ದ ವಧುವೂ ಇಲ್ಲ, ವರನೂ ಇಲ್ಲ, ಹೊಳೆಆಲೂರಿನಲ್ಲಿ ಆ ಹೆಸರಿನ ಕಲ್ಯಾಣ ಮಂಟಪವೂ ಇಲ್ಲ. ಎಲ್ಲ ಅವರೇ ಹುಟ್ಟಿಸಿ ಪ್ರೆಸ್ಸಿನಲ್ಲಿ ಮುದ್ರಣ ಮಾಡಿಸಿದ್ದು. ನನ್ನ ನೌಕರಿ ಹೀಗೆ ಶುರುವಾಯಿತು.

ಮರುದಿನ ರೋಣದ ಒಂದು ಸಹಕಾರಿ ಬ್ಯಾಂಕಿಗೆ ಹೋದೆವು. ಅಲ್ಲಿಯ ಸಿಬ್ಬಂದಿಗೆ ಆಗ ಇವರ ಮುಖ ಗೊತ್ತಿರಲಿಲ್ಲ, ಪರೀಕ್ಷೆ ಮಾಡಲು ಹೇಳಿದ ಅಧ್ಯಕ್ಷರಿಗೆ ಮಾತ್ರ ಗೊತ್ತು. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಹಿಡಿದು ಕುಳಿತು, "ಅಲ್ಲಿ ನಾ ನಿನಗ ಸೋದರಮಾವ. ಮಾತು ನಾ ಆಡತೀನಿ, ನೀ ಬರೇ ಅಕ್ಷತಾ ಕೊಡು" ಎಂದು ಹೇಳಿಕೊಟ್ಟರು.

ಬ್ಯಾಂಕಿನ ವಾಚಮನ್ ನಮ್ಮ ಕೈಯಲ್ಲಿದ್ದ ಪತ್ರಿಕೆ ನೋಡಿ ಎದ್ದು ನಿಂತು ಬಾಗಿಲು ತೆರೆದ. ಗುಮಾಸ್ತ ಕೌಂಟರಿನ ಗಿಡ್ಡ ಬಾಗಿಲನ್ನು ತಾನೇ ಸರಿಸಿದ. ಮ್ಯಾನೇಜರರು ತಮ್ಮ ಕುರ್ಚಿ ಬಿಟ್ಟುಕೊಟ್ಟರು. "ಯಾವೂರ ಬೀಗರ್ರಿ?" ಎಂದು ಕೇಳಿದವರಿದ್ದರು, "ನೀವ್ಯಾರ್ರಿ?" ಎಂದು ಕೇಳಿದವರು ಒಬ್ಬರೂ ಇಲ್ಲ. ನಮ್ಮ ಕಡೆ ಲಗ್ನಕ್ಕೆ ಕರೆಯಲು ಬಂದವರನ್ನು ಹೊರಗೆ ನಿಲ್ಲಿಸಿ ಮಾತಾಡಿಸುವ ಪದ್ಧತಿ ಇಲ್ಲ. ಗುರುತು ಸಿಗದಿದ್ದರೆ ತಪ್ಪು ನಮ್ಮದೇ, ನಾವೇ ಮರೆತಿದ್ದೇವೆ ಎಂದುಕೊಂಡು ಇನ್ನೂ ಹೆಚ್ಚಿನ ಉಪಚಾರ ಮಾಡುತ್ತೇವೆ. ಸಾಹೇಬರ ಅರ್ಧ ವಿದ್ಯೆ ನಿಂತದ್ದು ಈ ಸಂಕೋಚದ ಮೇಲೆ.

"ಒಳಗಿನವರಿಗೂ ಕೊಡಬೇಕಲ್ರಿ, ಇಲ್ಲಂದ್ರ ಬ್ಯಾಸರಾ ಮಾಡ್ಕೋತಾರ" ಎನ್ನುತ್ತ ಅವರು ಸೀದಾ ಹಿಂದಿನ ಕೋಣೆಗೆ ಹೋದರು. ಅಲ್ಲಿ ಫೈರ್‌ವಾಲ್ ಇತ್ತು. ಹೊರಗಿನ ಇಂಟರ್ನೆಟ್ಟಿಗೂ ಬ್ಯಾಂಕಿನ ಲೆಕ್ಕಪತ್ರಕ್ಕೂ ನಡುವೆ ಕಾವಲು ನಿಲ್ಲುವ ಪೆಟ್ಟಿಗೆ ಅದು. ಅದರ ತಲೆಯ ಮೇಲೆ ಊಟದ ಡಬ್ಬಿಗಳನ್ನು ಪೇರಿಸಿಟ್ಟಿದ್ದರು. ಸಾಹೇಬರು ಕಿಸೆಯಿಂದ ಹೆಂಗಸರು ಹಣೆಗೆ ಹಚ್ಚಿಕೊಳ್ಳುವ ಟಿಕಳಿಯ ಚೀಟು ತೆಗೆದು, ಕೆಂಪು ಟಿಕಳಿ ಒಂದನ್ನು ಬಿಡಿಸಿ, ಪೆಟ್ಟಿಗೆಯ ಮುಂಭಾಗಕ್ಕೆ ಒತ್ತಿ ಅಂಟಿಸಿದರು. ಇಲ್ಲಿಯತನಕ ಮುಟ್ಟಿದ್ದೆವು ಎಂಬುದಕ್ಕೆ ಅದೇ ಗುರುತು. ತೆರೆದಿಟ್ಟು ಎದ್ದು ಹೋಗಿದ್ದ ಕಂಪ್ಯೂಟರುಗಳಿಗೂ ಟಿಕಳಿ ಬಿತ್ತು. ಆಮೇಲೆ ಚಹಾ ಕುಡಿದು, "ತಪ್ಪಸಬ್ಯಾಡ್ರಿ ಮತ್ತ" ಎಂದು ಮ್ಯಾನೇಜರರ ಕೈಹಿಡಿದು ಹೇಳಿ ಹೊರಬಿದ್ದೆವು.

ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತ ಪತ್ರಿಕೆಯನ್ನು ನನ್ನ ಮುಂದೆ ಹಿಡಿದರು. "ಮುಹೂರ್ತದ ದಿನ ಓದು. ಈಗ ಫೋನಿನ್ಯಾಗ ಕ್ಯಾಲೆಂಡರ್ ತಗದ ನೋಡು."

ನೋಡಿದೆ. ಆ ದಿನ ಅಮಾವಾಸ್ಯೆ.

"ಅಮಾಸಿ ದಿನ ಯಾರರ ಲಗ್ನಾ ಮಾಡ್ತಾರೇನು? ಎಲ್ಲಾರ ಬೆನ್ನ ಹಿಂದನ ಕ್ಯಾಲೆಂಡರ್ ತೂಗಾಡತಿತ್ತು. ಮೋಸದ ಕಾಗದದಾಗ ಎಲ್ಲೋ ಒಂದು ಎಡವಟ್ಟು ಇರ್ತೈತಿ ತಂಗಿ. ಓದೂ ತ್ರಾಸ ತಗೊಂಡ್ರ ಸಿಗತೈತಿ."

ಮೋಸದ ಇಮೇಲುಗಳನ್ನು ಹಿಡಿಯುವುದು ಹೇಗೆಂದು ಆಮೇಲೆ ನಾನು ದಪ್ಪ ದಪ್ಪ ಪುಸ್ತಕಗಳನ್ನು ಓದಿದ್ದೇನೆ. ರೋಣದ ಮಿರ್ಚಿಯ ಜೊತೆ ಬಂದ ಪಾಠಕ್ಕಿಂತ ಹೆಚ್ಚಿನದು ಅವುಗಳಲ್ಲಿ ಇರಲಿಲ್ಲ.

ಮರುದಿನ ನಿಜರೂಪದಲ್ಲಿ ಅದೇ ಬ್ಯಾಂಕಿಗೆ ಹೋಗಿ ಟಿಕಳಿಗಳನ್ನು ತೋರಿಸಿದಾಗ ಮ್ಯಾನೇಜರರ ಮುಖ ಕೆಂಪೇರಿತು. ಸಾಹೇಬರು ಬಿಸಿ ಭಜಿಯ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟು ಎಲ್ಲರನ್ನೂ ಕರೆದರು. "ನೀವು ಸಂಭಾವಿತರು, ಅದಕ್ಕ ಮೋಸ ಹೋದ್ರಿ. ಇನ್ಮ್ಯಾಲೂ ಸಂಭಾವಿತರ ಇರ್ರಿ. ಕಾರ್ಡ ಇಸಗೋರಿ, ಅಕ್ಷತಾ ಇಸಗೋರಿ, ಚಾ ಸೈತ ಕೊಡ್ರಿ. ಎಲ್ಲಾ ಕೌಂಟರಿನ ಹೊರಗ ಮಾಡ್ರಿ. ಆಮ್ಯಾಲ ಕಾರ್ಡಿನ್ಯಾಗಿದ್ದ ನಂಬರಿಗೆ ಅಲ್ಲ, ನಿಮಗ ಮದಲ ಗೊತ್ತಿದ್ದ ನಂಬರಿಗೆ ಫೋನ್ ಹಚ್ಚಿ ಖಾತ್ರಿ ಮಾಡ್ಕೋರಿ" ಎಂದರು. ವರದಿಯಲ್ಲಿ ನಾನು ಉತ್ಸಾಹದಿಂದ ಗುಮಾಸ್ತನ ಹೆಸರು ಬರೆದಿದ್ದೆ. ಅದನ್ನು ಅಳಿಸಿ, ಬಾಗಿಲಿನ ತಪ್ಪು ಬರೆ, ಬಾಗಿಲು ತೆರೆದವನ ಹೆಸರು ಬರೆಯಬೇಡ ಎಂದರು. ಒಂದೂ ವರದಿಯಲ್ಲಿ ಅವರು ಯಾರ ನೌಕರಿಗೂ ಸಂಚಕಾರ ತರಲಿಲ್ಲ.

ಹೀಗೆ ನರಗುಂದ, ರೋಣ, ಗಜೇಂದ್ರಗಡ ಮೂರೂ ಊರುಗಳಲ್ಲಿ ಅವರಿಗೆ ಲಗ್ನಪತ್ರಿಕೆ ಸಾಹೇಬರು ಎಂಬ ಹೆಸರು ಬಿತ್ತು. ಟಿಕಳಿಯ ಕಥೆಯೂ ಒಂದಿದೆ. ಕಂಪನಿ ತೆಗೆದ ಹೊಸದರಲ್ಲಿ, ಬಟ್ಟೆ ಒಗೆಯುವಾಗ ಅವರ ಅಂಗಿಯ ಕಿಸೆಯಲ್ಲಿ ಮನೆಯವರಿಗೆ ಅರ್ಧ ಖಾಲಿಯಾದ ಟಿಕಳಿ ಚೀಟು ಸಿಕ್ಕಿತಂತೆ. ಮನೆಯವರನ್ನು ನಾನು ಅಕ್ಕಾರು ಎಂದು ಕರೆಯುತ್ತಿದ್ದೆ. ಅಕ್ಕಾರು ಆ ದಿನ ಅಡುಗೆ ಮಾಡಲಿಲ್ಲ. ಸಾಹೇಬರು ಅವರನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಹೋಗಿ, ಒಂದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಹಣೆಗೆ ಟಿಕಳಿ ಇಟ್ಟುಕೊಂಡು ಕೂತ ಪೆಟ್ಟಿಗೆಯನ್ನು ತೋರಿಸಿ ತಂದ ಮೇಲೆಯೇ ಒಲೆ ಹೊತ್ತಿದ್ದು.

ಆ ಸ್ಕೂಟರಿನ ಕೀಲಿ ಯಾವಾಗಲೂ ಸ್ಕೂಟರಿನಲ್ಲಿಯೇ ಇರುತ್ತಿತ್ತು. ನನಗೆ ಇದು ತಡೆಯಲಾಗದ ಸಿಟ್ಟು ತರಿಸುತ್ತಿತ್ತು. ಚಹಾದ ಕಪ್ಪು ಎತ್ತಿಕೊಳ್ಳಬೇಕಾದರೂ ಕಂಪ್ಯೂಟರನ್ನು ಲಾಕ್ ಮಾಡುವ ಮನುಷ್ಯ, ಎಟಿಎಮ್ಮಿನಲ್ಲಿ ಟವೆಲ್ಲಿನ ಮರೆಯಲ್ಲಿ ನಂಬರು ಒತ್ತುವ ಮನುಷ್ಯ, ಸ್ಕೂಟರನ್ನು ಹೀಗೆ ಬೀದಿಗೆ ಬಿಡುವುದೇ ಎಂದು ಒಮ್ಮೆ ಕೇಳಿಯೂ ಬಿಟ್ಟೆ. "ಸ್ಕೂಟರ್ ನಂದು. ಡಾಟಾ ಮಂದೀದು" ಎಂದು ಹೇಳಿ ಮತ್ತೆ ಕೆಲಸಕ್ಕೆ ತೊಡಗಿದರು. ತರಕಾರಿ ತರಲು ಹೋದರೆ ಹುಳುಕು ಬದನೆಕಾಯಿಯನ್ನೇ ತರುತ್ತಿದ್ದರು, ಮಾರುವಾಕೆ ಚಲೋ ಇವೆ ಎಂದಳು ಎಂಬ ಕಾರಣಕ್ಕೆ. ಮೂರು ತಾಲೂಕಿಗೆ ಸಂಶಯಪಡುವುದನ್ನು ಕಲಿಸಿದವರು ಸ್ವಂತಕ್ಕೆ ಮಾತ್ರ ಒಂದಿಷ್ಟೂ ಉಳಿಸಿಕೊಂಡಿರಲಿಲ್ಲ.

ಇನ್ನು ಅವರ ನೆನಪಿನ ಶಕ್ತಿ. ಮನುಷ್ಯರ ಹೆಸರು ಒಂದೂ ನೆನಪಿರುತ್ತಿರಲಿಲ್ಲ, ನೆಟ್‌ವರ್ಕಿನಲ್ಲಿ ಅವರ ಕಂಪ್ಯೂಟರಿನ ವಿಳಾಸವಾದ ಐಪಿ ನಂಬರಿನ ಬಾಲ ಮಾತ್ರ ಮರೆಯುತ್ತಿರಲಿಲ್ಲ. "ರೋಣದ ಇಪ್ಪತ್ಮೂರಕ್ಕ ಮಗಾ ಹುಟ್ಯಾನಂತ, ಪೇಡೆ ಕೊಟ್ಟ ಬರೂಣು" ಎನ್ನುತ್ತಿದ್ದರು. ಮೊದಮೊದಲು ಗಾಬರಿಯಾಗುತ್ತಿತ್ತು, ಆಮೇಲೆ ನಾನೂ ಹಾಗೆಯೇ ಮಾತಾಡತೊಡಗಿದೆ.

ಲಗ್ನಪತ್ರಿಕೆ ಹಂಚುವುದಷ್ಟೇ ಕೆಲಸ ಎಂದು ತಿಳಿಯಬಾರದು. ಮೊದಲ ಮಳೆಗಾಲ ಪೂರ್ತಿ ಅವರು ನನ್ನಿಂದ ಲಾಗ್ ಓದಿಸಿದರು. ಯಾವ ಮಷೀನು ಯಾವ ಹೊತ್ತಿಗೆ ಹೊರಗಿನ ಯಾರ ಜೊತೆ ಮಾತಾಡಿತು ಎಂದು ಫೈರ್‌ವಾಲ್ ತಾನೇ ಬರೆದಿಡುವ ಸಾಲುಗಳು ಅವು. ಬೆಳಿಗ್ಗೆ ಪೇಪರು ಓದಿದಂತೆ ಅದನ್ನು ಗಟ್ಟಿಯಾಗಿ ಓದಬೇಕು, ಅವರು ಕಣ್ಣುಮುಚ್ಚಿ ಚಹಾ ಕುಡಿಯುತ್ತ ಕೇಳುತ್ತಾರೆ. ಮಂದಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದರೆ ಏನು ಬಂತು, ಆರಾಮ ಇದ್ದಾಗ ಎಷ್ಟು ಬೆಚ್ಚಗಿರುತ್ತದೆ ಎಂಬುದು ಗೊತ್ತಿರಬೇಕಲ್ಲ ಎಂಬುದು ಅವರ ವಾದ. ನನಗೆ ಆಕಳಿಕೆ ಬರುತ್ತಿತ್ತು. ಆಕಳಿಸುತ್ತಲೇ ಒಂದು ದಿನ ನರಗುಂದದ ಬೇಳೆ ಮಿಲ್ಲಿನ ಸಾಲುಗಳಲ್ಲಿ ತಡೆದು ನಿಂತೆ. ಗೇಟಿನ ಕ್ಯಾಮೆರಾ ದಿನಾ ಎಲ್ಲಿಯೋ ಪರದೇಶದ ನಂಬರಿನ ಜೊತೆ ಹರಟೆ ಹೊಡೆಯುತ್ತಿತ್ತು. ಅಂಗಡಿಯಿಂದ ಬಂದಾಗ ಇದ್ದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಯಾರೋ ಅದರೊಳಗೆ ಹೊಕ್ಕು ಕುಳಿತಿದ್ದರು. ಮಾಲೀಕರು ಸಾಹೇಬರಿಗೆ ಕೈಮುಗಿಯಲು ಬಂದಾಗ, "ನನಗಲ್ರಿ, ಹುಡಕಿದಾಕಿ ಈಕಿ" ಎಂದು ನನ್ನನ್ನು ಮುಂದೆ ನಿಲ್ಲಿಸಿದರು. ಆ ಸಂಜೆ ನಾನು ಮನೆಗೆ ಫೋನು ಮಾಡಿ ಅಪ್ಪನ ಮುಂದೆ ಬಹಳ ಹೊತ್ತು ಕೊಚ್ಚಿಕೊಂಡೆ.

ಇಷ್ಟೆಲ್ಲ ಚೆನ್ನಾಗಿ ನಡೆದಿರುವಾಗ ಅಕ್ಕಾರಿಗೆ ಮಾತ್ರ ಒಂದು ಚಿಂತೆ ಇತ್ತು. ಅವರಿಗೆ ಇದ್ದದ್ದು ಒಬ್ಬಳೇ ಮಗಳು. "ನಾಳೆ ನಮ್ಮ ಹುಡುಗೀ ಲಗ್ನದ ಖರೇ ಕಾರ್ಡ ಹಿಡಕೊಂಡು ಹೋದ್ರ ನಿಮ್ಮನ್ನ ಯಾರ್ ನಂಬತಾರ? ನಾಯಿ ಬಿಡತಾರ ನಿಮ್ಮ ಮ್ಯಾಲ" ಎಂದು ಊಟಕ್ಕೆ ಬಡಿಸುತ್ತ ಹೇಳುವರು. ಸಾಹೇಬರು ತುತ್ತು ಕಲಸುತ್ತ ನಗುವರು. ಅದು ಪೂರ್ತಿ ನಗುವಲ್ಲ ಎಂದು ನನಗೆ ಗೊತ್ತಾದದ್ದು ಗಜೇಂದ್ರಗಡದ ಪ್ರಸಂಗದಿಂದ.

ಅಷ್ಟೊತ್ತಿಗೆ ಅವರ ಮುಖ ಎಲ್ಲ ಕಡೆ ಪರಿಚಯವಾಗಿ, ಗಜೇಂದ್ರಗಡದ ಒಂದು ಪತ್ತಿನ ಸಂಘಕ್ಕೆ ನನ್ನನ್ನೇ ಒಬ್ಬಳನ್ನು ಕಳಿಸುವ ಪ್ರಸಂಗ ಬಂತು. ನನ್ನ ಊರು, ಗುರುತಿನವರು ಇರುತ್ತಾರೆ ಎಂದೆ. "ಗುರುತಿನವರನ್ನ ಲಗೂ ಒಳಗ ಬಿಡತಾರ. ಅದನ್ನ ನೋಡಬೇಕಾಗೇತಿ" ಎಂದರು. ಹೋದೆ. ಕ್ಯಾಶ್ ಕೌಂಟರಿನಲ್ಲಿ ಕುಳಿತಿದ್ದವರು ಗಿರಿಜಕ್ಕ, ನಮ್ಮ ಓಣಿಯ ಆಚೆಯ ಓಣಿಯವರು. ನನ್ನ ಕೈಯಲ್ಲಿ ಪತ್ರಿಕೆ ಕಂಡದ್ದೇ ಎದ್ದು ಬಂದು ಕೈಹಿಡಿದರು.

"ಅಯ್ಯ, ನಮ್ಮ ನೇಕಾರರ ಓಣಿ ಹುಡುಗಿ. ಯಾರ ಲಗ್ನವಾ, ನಿಂದೇನು?"

ಅಕ್ಕನದು ಎಂದು ಹೇಳಬೇಕಾಗಿತ್ತು. ನಾಲಿಗೆ ಹೊರಳಲಿಲ್ಲ. ಅವರು ಉತ್ತರಕ್ಕೆ ಕಾಯಲೂ ಇಲ್ಲ. ಒಳಗೆ ಕರೆದೊಯ್ದು ತಮ್ಮ ಕುರ್ಚಿಯಲ್ಲಿ ಕೂರಿಸಿ, ಶುಕ್ರವಾರದ ಪೂಜೆಗೆಂದು ತಂದಿದ್ದ ತೆಂಗಿನಕಾಯಿ, ಹೊಸ ಜಂಪರಿನ ಖಣ ಎರಡನ್ನೂ ಚೀಲದಿಂದ ತೆಗೆದು, ಕುಂಕುಮ ಹಚ್ಚಿ ನನ್ನ ಉಡಿ ತುಂಬಿದರು. ಫೈರ್‌ವಾಲ್ ಪೆಟ್ಟಿಗೆ ಕೈಗೆ ಎಟುಕುವಷ್ಟು ಹತ್ತಿರ ಇತ್ತು. ಟಿಕಳಿ ಚೀಟು ನನ್ನ ಪರ್ಸಿನಲ್ಲಿತ್ತು. ಅದನ್ನು ತೆಗೆಯದೆ ಎದ್ದು ಬಂದುಬಿಟ್ಟೆ.

ನರಗುಂದಕ್ಕೆ ಬಂದು ತೆಂಗಿನಕಾಯಿಯನ್ನು ಸಾಹೇಬರ ಮೇಜಿನ ಮೇಲಿಟ್ಟೆ. "ನನಗ ಈ ನೌಕರಿ ಬ್ಯಾಡ್ರಿ ಸರ್. ಮಂದಿ ಪ್ರೀತಿಗೆ ಕನ್ನಾ ಹಾಕೂ ಕೆಲಸ ಇದು" ಎಂದೆ. ದನಿ ಏರಿತ್ತು. ಅವರು ವಾದಕ್ಕೆ ಇಳಿಯಲಿಲ್ಲ. ಕಂಪ್ಯೂಟರ್ ಲಾಕ್ ಮಾಡಿ, "ನಾಳೆ ಮುಂಜಾನೆ ಇಬ್ರೂ ಹೋಗೂಣು" ಎಂದಷ್ಟೇ ಹೇಳಿದರು.

ಮರುದಿನ ಗಿರಿಜಕ್ಕನ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಅವರೇ ಹೇಳಿದರು. ಸುಳ್ಳು ಪತ್ರಿಕೆ ತಮ್ಮದು, ಕಳಿಸಿದವರು ತಾವು, ಹುಡುಗಿಯ ತಪ್ಪಿಲ್ಲ ಎಂದರು. ಗಿರಿಜಕ್ಕ ನನ್ನನ್ನು ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಟಿಕಳಿ ಹಚ್ಚಲಿಲ್ಲೇನ್ರಿ ಈಕಿ?"

"ಇಲ್ರಿ. ಸೋತ ಬಂದಳು."

ಗಿರಿಜಕ್ಕನಿಗೆ ನಗು ಬಂತು. ನಾನು ಖಣವನ್ನು ತಿರುಗಿ ಕೊಡಲು ಕೈ ಚಾಚಿದೆ. ಅವರು ನನ್ನ ಕೈಯನ್ನು ಹಿಂದಕ್ಕೆ ತಳ್ಳಿದರು. "ಕಾರ್ಡ ಸುಳ್ಳಿರಬಹುದವಾ. ನಾ ಉಡಿ ತುಂಬಿದ್ದು ಖರೇನ ತುಂಬೀನಿ. ಹೊಲಿಸಿ ಹಾಕ್ಕೊ" ಎಂದರು. ಅದನ್ನು ಹೊಲಿಸಿದೆ. ಈಗ ಬಣ್ಣ ಹೋಗಿದೆ, ಆದರೂ ಇಟ್ಟುಕೊಂಡಿದ್ದೇನೆ.

ತಿರುಗಿ ಬರುವಾಗ ಬಸ್ಸು ರೋಣ ದಾಟಿತು. ಸಾಹೇಬರು ಮುಂದೆ ರಸ್ತೆಯನ್ನೇ ನೋಡುತ್ತ ಹೇಳಿದರು. "ನಿನ್ನ ಹೆದರಿಕಿ ನನಗೂ ಐತಿ ತಂಗಿ. ಕಾರ್ಡ ನಂಬಬ್ಯಾಡ್ರಿ ಅಂತ ಇಷ್ಟೂರ ಅಡ್ಡಾಡಿ ಹೇಳೀನಿ. ನನ್ನ ಮಗಳ ಲಗ್ನಾ ಮುಂದ ಐತಿ. ಅವತ್ತ ಯಾರೂ ಬರಲಿಲ್ಲಂದ್ರ, ನಾ ಕಲಿಸಿದ್ದು ತಪ್ಪು ಅಂತ ತಿಳ್ಕೋ. ಕಂಪನಿ ಬಾಗಲಾ ಹಾಕ್ತೀನಿ."

"ಬಂದ್ರ?"

"ಬಂದ್ರ ನೋಡೂಣು."

ಹಾಗಾದರೆ ಆ ಲಗ್ನದತನಕ ಇರುತ್ತೇನೆ, ಆಮೇಲೆ ಹೇಳುತ್ತೇನೆ ಎಂದೆ. ಅವರು ತಲೆಯಾಡಿಸಿದರು. ನನ್ನ ವೃತ್ತಿಜೀವನ ಹೀಗೆ ನಾನಿನ್ನೂ ಕಾಣದ ಹುಡುಗಿಯೊಬ್ಬಳ ಲಗ್ನಕ್ಕೆ ಗಂಟುಬಿತ್ತು.

ಲಗ್ನ ಮುಂದಿನ ವರ್ಷವೇ ನಿಶ್ಚಯವಾಯಿತು. ಖರೇ ಪತ್ರಿಕೆ ಹಿಡಿದು ಸಾಹೇಬರು ಹೊರಟರು, ಜೊತೆಗೆ ನಾನು, ಅದೇ ಸ್ಟೀಲಿನ ಡಬ್ಬಿಯಲ್ಲಿ ಅಕ್ಷತೆ. ರೋಣದ ಬ್ಯಾಂಕಿನ ವಾಚಮನ್ ನಮ್ಮನ್ನು ಕಂಡವನೇ ಬಾಗಿಲನ್ನು ಅರ್ಧ ಎಳೆದುಕೊಂಡ. "ಹೊರಗ ಕುಂದರ್ರಿ ಸಾಹೇಬ್ರ, ಚಾ ತರಸ್ತೀನಿ" ಎಂದ. ಮ್ಯಾನೇಜರರು ಬೆಂಚಿನತನಕ ತಾವೇ ಬಂದು, ಪತ್ರಿಕೆಯನ್ನು ಮೇಲಿನ ದೇವರ ಚಿತ್ರದಿಂದ ಕೆಳಗಿನ ಪ್ರೆಸ್ಸಿನ ಹೆಸರಿನತನಕ ಓದಿ, ಒಳಗೆ ಹೋಗಿ ಕ್ಯಾಲೆಂಡರ್ ನೋಡಿ ಬಂದರು. "ಪಂಚಮಿ. ತಿಥಿ ಬರೋಬ್ಬರಿ ಐತ್ರಿ. ಬಾಕಿದ್ದು ನೋಡೂಣು" ಎಂದರು. ಗಜೇಂದ್ರಗಡದಲ್ಲಿ ಗಿರಿಜಕ್ಕ ಗಾಜಿನ ಕೆಳಗಿನ ಸಂದಿಯಲ್ಲಿ ಪತ್ರಿಕೆ ಇಸಿದುಕೊಂಡು, "ಖಾತ್ರಿ ಮಾಡ್ಕೊಂಡು ಹೇಳತೀನ್ರಿ" ಎಂದರು. ಒಬ್ಬರೂ ಬರುತ್ತೇವೆ ಎನ್ನಲಿಲ್ಲ. ಒಬ್ಬರೂ ಕೌಂಟರಿನ ಒಳಗೆ ಬಿಡಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಂದು ಕೊಟ್ಟೆ. ಅವರು ತಿನ್ನದೆ ಕೈಯಲ್ಲಿ ಹಿಡಿದುಕೊಂಡು ಕುಳಿತರು. "ನನ್ನ ಕೆಲಸಾ ಗೆದ್ದತು ತಂಗಿ. ಲಗ್ನದ್ದ ಚಿಂತಿ" ಎಂದರು. ಅವರ ಮುಖದಲ್ಲಿ ಹೆಮ್ಮೆಯೂ ಇತ್ತು, ಅಳುವೂ ಇತ್ತು. ನಾನು ನನ್ನ ಮಿರ್ಚಿಯನ್ನೂ ಹಾಗೆಯೇ ಹಿಡಿದುಕೊಂಡು ಕುಳಿತೆ.

ಲಗ್ನದ ದಿನ ನರಗುಂದದ ಕಲ್ಯಾಣ ಮಂಟಪದಲ್ಲಿ ಮುಂದಿನ ಸಾಲುಗಳಲ್ಲಿ ಬೀಗರು, ಬಂಧುಗಳು ಇದ್ದರು. ಹಿಂದಿನ ಕುರ್ಚಿಗಳೆಲ್ಲ ಖಾಲಿ. ಸಾಹೇಬರು ಹೊಸ ಪಟಕಾ ಸುತ್ತಿಕೊಂಡು ಗೇಟಿಗೂ ಮಂಟಪಕ್ಕೂ ಎಡತಾಕುತ್ತಿದ್ದರು. ಅಡುಗೆಯವನು ಬಂದು ಅಕ್ಕಿ ಇನ್ನೂ ಹಾಕುವುದೋ, ಸಾಕೋ ಎಂದು ಕೇಳಿದ. ಸಾಹೇಬರು ಬಾಯಿ ತೆರೆಯುವ ಮೊದಲೇ ಅಕ್ಕಾರು, "ಹಾಕಪಾ. ಇನ್ನಷ್ಟು ಹಾಕು" ಎಂದು ಆರಾಮವಾಗಿ ಹೇಳಿ ಒಳಗೆ ಹೋದರು. ವರ್ಷಗಟ್ಟಲೆ ಚಿಂತೆ ಮಾಡಿದ ಹೆಂಗಸು ಆ ದಿನ ಇಷ್ಟು ನಿಶ್ಚಿಂತೆಯಾಗಿ ಇದ್ದದ್ದು ನನಗೆ ವಿಚಿತ್ರ ಅನಿಸಿತು.

ಮುಹೂರ್ತ ಹತ್ತಿರ ಬಂದಾಗ ಗೇಟಿನಲ್ಲಿ ರೋಣದ ಟೆಂಪೋ ಬಂದು ನಿಂತಿತು. ಅದರ ಹಿಂದೆ ಗಜೇಂದ್ರಗಡದ್ದು. ಹೊಳೆಆಲೂರಿನವರು, ಇಟಗಿಯವರು, ಕಾಲೇಜಿನವರು, ಮಿಲ್ಲಿನವರು. ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ರೋಣದ ಮ್ಯಾನೇಜರರು ಸಾಹೇಬರ ಎದುರಿಗೆ ಬಂದು ಗಂಭೀರವಾಗಿ ನಿಂತರು.

"ಹೆಣ್ಣಿನ ತಂದಿ ನೀವ ಅಂತ ನಾವು ಹ್ಯಾಂಗ ನಂಬೂದ್ರಿ? ಗುರುತಿನ ಚೀಟಿ ತೋರಸ್ರಿ."

ಸಾಹೇಬರು ಖರೇನೇ ಕಿಸೆಗೆ ಕೈ ಹಾಕಿ ತೆಗೆದು ತೋರಿಸಿದರು. ಗೇಟೆಲ್ಲ ನಗೆಯಾಯಿತು. ಗಿರಿಜಕ್ಕ ಮುಂದೆ ಬಂದು, ಪರ್ಸಿನಿಂದ ಕೆಂಪು ಟಿಕಳಿ ಒಂದನ್ನು ಬಿಡಿಸಿ, ಅವರ ಪಟಕಾಕ್ಕೆ ಒತ್ತಿ ಅಂಟಿಸಿದರು. "ಇಲ್ಲೀತನಕ ಮುಟ್ಟೀವಿ ಅನ್ನಾಕ ಗುರುತ್ರಿ" ಎಂದರು. ಸಾಹೇಬರು ದಿನಪೂರ್ತಿ ಅದನ್ನು ತೆಗೆಯಲಿಲ್ಲ. ಲಗ್ನದ ಎಲ್ಲ ಫೋಟೋಗಳಲ್ಲಿಯೂ ಅವರ ಪಟಕಾದ ಮೇಲೆ ಆ ಕೆಂಪು ಟಿಕಳಿ ಇದೆ.

ಊಟಕ್ಕೆ ಬಡಿಸುವಾಗ ಅಕ್ಕಾರು ಗುಟ್ಟು ಬಿಟ್ಟರು. "ಎಂಟ ದಿನದಿಂದ ಮನೀ ಫೋನಿಗೆ ಬಿಡುವಿಲ್ಲ. ಖರೇನ ಲಗ್ನಾ ಐತೇನ್ರಿ ಅಂತ ಕೇಳವರು ಕೇಳವರ. ಇವ್ರಿಗೆ ನಾ ಹೇಳಲಿಲ್ಲ. ಮಂದೀಗೆ ಮಾಡಿದ್ದು ಸ್ವಲ್ಪ ಅನುಭವಿಸ್ಲಿ ಅಂತ ಸುಮ್ನಿದ್ದೆ." ಸಾಹೇಬರು ಎಲೆಯ ಮುಂದೆ ಕುಳಿತು ಹೋಳಿಗೆ ಮುರಿಯುತ್ತ, ನನ್ನ ಕಡೆ ತಿರುಗಿದರು. "ಕೇಳಿ ಬಂದಾರ ನೋಡು ತಂಗಿ" ಎಂದರು. ನಾನು ನೌಕರಿ ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ, ಅವರೂ ಕೇಳಲಿಲ್ಲ.

ಕೆಲವು ವರ್ಷಗಳ ಮೇಲೆ ತಮ್ಮ ಹತ್ತಿರ ನನಗೆ ಇನ್ನು ಕಲಿಯುವುದು ಉಳಿದಿಲ್ಲ ಎಂದು ಅವರೇ ನನ್ನನ್ನು ಗದಗಿಗೆ ಅಟ್ಟಿದರು. ಇಲ್ಲಿ ಒಂದು ದೊಡ್ಡ ದವಾಖಾನೆಯ ಕಂಪ್ಯೂಟರುಗಳ ಕಾವಲು ಈಗ ನನ್ನದು. ಹೊಸದಾಗಿ ಸೇರುವ ಹುಡುಗ ಹುಡುಗಿಯರು ಟೂಲುಗಳ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ನಾನು ಕೇಳಿ ಮುಗಿಸಿ, ಲಗ್ನಕ್ಕೆ ಕರೆಯಲು ಬರುತ್ತದೆಯೇ ಎಂದು ಕೇಳುತ್ತೇನೆ. ಅವರು ಮುಖ ಮುಖ ನೋಡಿಕೊಳ್ಳುವುದನ್ನು ನೋಡುವುದೇ ಒಂದು ಸುಖ.

ಇಷ್ಟು ನೆನಪಾಗುವಷ್ಟರಲ್ಲಿ ಎಷ್ಟು ಸಲ ಫೋನು ಹಚ್ಚಿದ್ದೆನೋ. ಬಿಜಿ, ಮತ್ತೆ ಬಿಜಿ. ಪ್ರತಿ ಸಲವೂ ಸುಳ್ಳು ಇರಲಿ ಎಂದುಕೊಳ್ಳುತ್ತಿದ್ದೆ, ಯಾರೋ ಕಿಡಿಗೇಡಿ ಕಳಿಸಿದ್ದು ಇರಲಿ, ಸಾಹೇಬರೇ ಎತ್ತಿ "ಖಾತ್ರಿ ಮಾಡಿದೇನು, ಶಾಣ್ಯಾ ತಂಗಿ" ಎನ್ನಲಿ. ಕೊನೆಗೊಮ್ಮೆ ರಿಂಗಾಯಿತು. ಎತ್ತಿದವರು ಅಕ್ಕಾರು.

"ಅಕ್ಕಾರ, ನಾನ್ರಿ" ಎಂದೆ.

"ಖಾತ್ರಿ ಮಾಡ್ಕೊಳ್ಳಾಕ ಹಚ್ಚಿದೇನವಾ?" ಎಂದು ಅವರೇ ಕೇಳಿದರು.

"ಹೂಂನ್ರಿ."

"ಖರೇ ಐತಿ." ಆಮೇಲೆ ಅಳುವಿನ ನಡುವೆಯೇ ಅವರ ದನಿಯಲ್ಲಿ ಸಣ್ಣ ನಗು ಸೇರಿಕೊಂಡಿತು. "ಮುಂಜಾನಿಂದ ಫೋನ್ ಕೆಳಗಿಟ್ಟಿಲ್ಲ ನೋಡು. ರೋಣದವರು, ಗಿರಿಜಾ, ಮಿಲ್ಲಿನವರು, ಎಲ್ಲಾರೂ ಇದನ್ನ ಕೇಳಾಕತ್ತಾರ. ಲಗ್ನದಾಗ ಆದಂಗ ಆಗೇತಿ. ಸಂಜಿಗೆ ಮಣ್ಣು ಮಾಡೂದೈತಿ, ಬಾ. ಕುರ್ಚಿ ಇನ್ನಷ್ಟು ಹಾಕ್ರಿ ಅಂತ ಹೇಳೀನಿ. ಕೇಳಿದವರೆಲ್ಲಾ ಬರ್ತಾರ."